ಉರ್ದು ಸಾಲಿನಲ್ಲಿ ಶಿವನ ಹೆಸರು

ರಾಮನಗರದ ಒಂದು ಖಾಸಗಿ ರೇಷ್ಮೆಗೂಡಿನ ಮಂಡಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಹರಾಜು ನಡೆಯುವುದು ಫೋನಿನಲ್ಲಿ, ಹೆಸರು ಸೇರಿಸಿಕೊಂಡವರಿಗೆ ಮಾತ್ರ. ಹೆಸರನ್ನು ಅವರವರ ಲಿಪಿಯಲ್ಲೇ ಬರೆಯಲಿ ಎಂದು ದೊಡ್ಡ ಮನಸ್ಸು ಮಾಡಿದವನು ನಾನೇ. ಸಾಫ್ಟ್‌ವೇರ್ ಮೊದಲು ಇಂಗ್ಲಿಷ್, ಆಮೇಲೆ ಉರ್ದು, ಕೊನೆಗೆ ಕನ್ನಡದ ಹೆಸರುಗಳನ್ನು ಜೋಡಿಸುತ್ತಿತ್ತು. ನನಗೆ ಉರ್ದು ಬಾರದು. ಅದು ನೂಲು ತೆಗೆಯುವ ರೀಲರುಗಳ ಸಾಲು, ರೈತರೆಲ್ಲ ಕೆಳಗೆ ಕನ್ನಡದಲ್ಲಿದ್ದಾರೆ ಎಂದುಕೊಂಡು ನಡುವಿನ ಅಷ್ಟುದ್ದವನ್ನೂ ದಾಟಿಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಸಾವನದುರ್ಗದ ಕಡೆಯ ಹಿರಿಯ ರೈತರೊಬ್ಬರು, ಹಣೆ ತುಂಬ ವಿಭೂತಿ, ನನ್ನ ಮೇಜಿನ ಮುಂದೆ ನಿಂತರು. ಹೊಸ ಫೋನು, ಹೊಸ ನಂಬರು. ಹಳೆಯ ನಂಬರು ನೆನಪಿಲ್ಲ. ಪಟ್ಟಿಯಲ್ಲಿ ಹೆಸರು ಸಿಕ್ಕಿದರೆ ಅದಕ್ಕೆ ಹೊಸ ನಂಬರು ಸೇರಿಸಬಹುದಿತ್ತು. ಹೆಸರನ್ನೇ ಹೊಸದಾಗಿ ಬರೆದುಕೊಳ್ಳಲು ಮಂಡಿ ಮಾಲೀಕರ ಒಪ್ಪಿಗೆ ಬೇಕು, ಅವರು ಊರಲ್ಲಿಲ್ಲ. ಅವರದು ಶಿವನ ಹೆಸರು. ಕನ್ನಡದ ‘ಶ’ವನ್ನೆಲ್ಲ ಜಾಲಾಡಿದೆ. ಇವರಿಲ್ಲ.

“ನಾಳಿಕ್ಕೆ ಚಿಟ್ಟೆ ಬಂದ್ಬುಟ್ರೆ ಗೂಡೆಲ್ಲ ತೂತಾಯ್ತವೆ ಸಾಮಿ. ಒಸಿ ಸರ್ಯಾಗಿ ನೋಡಿ,” ಎಂದರು.

ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಮನೆಮಂದಿಯೆಲ್ಲ ನಿದ್ದೆಗೆಟ್ಟು ಹುಳು ಸಾಕಿದ್ದು ನೀರಿನಲ್ಲಿ ಹೋಮ ಮಾಡಿದಂತೆ. ನನಗೋ ಸಾಫ್ಟ್‌ವೇರಿನ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ವಯಸ್ಸಾದ ರೀಲರ್ ಒಬ್ಬರು ಬಂದರು. ಹರಾಜಿನ ಹಿಂದಿನ ರಾತ್ರಿ ಈ ರೈತರು ಮಲಗುವುದು ಅವರ ಮನೆಯಲ್ಲೇ, ಇಬ್ಬರ ಅಪ್ಪಂದಿರ ಕಾಲದಿಂದಲೂ.

“ಇವ್ರ ಹೆಸ್ರು ಸೇರ್ಸಿದ್ದು ನಾನೇ ಸಾರ್. ನಂಗೆ ಬರೆಯಕ್ಕೆ ಬರೋದು ಉರ್ದು ಒಂದೇ,” ಎನ್ನುತ್ತ ನಾನು ದಾಟಿದ್ದ ಸಾಲಿನಲ್ಲಿ ಬೆರಳಿಟ್ಟರು.

ಅಲ್ಲಿದ್ದರು! ಬಲದಿಂದ ಎಡಕ್ಕೆ ಶಿವನ ಹೆಸರು, ಮೇಲೊಬ್ಬ ರೀಲರ್, ಕೆಳಗೊಬ್ಬ ರೀಲರ್. ಯಾರ ಹಣೆಯಲ್ಲಿ ಏನಿದೆ ಎಂದು ನೋಡದೆ, ಅಕ್ಷರ ನೋಡಿ ಸಾಫ್ಟ್‌ವೇರ್ ಅವರನ್ನು ಅವರ ಜಾಗದಲ್ಲೇ ಕೂರಿಸಿತ್ತು. ದಿನಾ ನೋಡುವ ಪರದೆಯೇ. ಆದರೂ ಕೈಮುಗಿಯಬೇಕು ಅನ್ನಿಸಿತು.

ರೈತರು ಬಾಗಿ ನೋಡಿದರು. “ಇದಾ ನಾನು?”

“ನೀವೇ ಯಜಮಾನ್ರೇ,” ಎಂದರು ರೀಲರ್.

ಹೊಸ ನಂಬರು ಸೇರಿಸಿದೆ. ಅವರ ಫೋನಿನಲ್ಲಿ ಹರಾಜು ತೆರೆದುಕೊಂಡಿತು. ಹೆಸರನ್ನು ಕನ್ನಡಕ್ಕೆ ಬದಲಾಯಿಸಿಕೊಡಲೇ ಎಂದು ಕೇಳಿದೆ.

“ಬ್ಯಾಡ ಬುಡಿ ಸಾಮಿ. ನಂಗೆ ಯಾವ ಅಕ್ಸರಾನೂ ಬರಾಕಿಲ್ಲ. ಬರ್ದೋರ್ಗೆ ನಾನು ಗೊತ್ತಲ್ಲ, ಸಾಕು,” ಎಂದು ಹೇಳಿ ಗೂಡಿನ ಕಡೆ ನಡೆದರು.