ಕರೆ ಕಡಿಯದೆ ಆಡಿದ ಕಾಳಗ

ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದರೂ ಬರೆಯುವ ರೂಢಿ ಕಡಿಮೆ. ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು.

ಆ ಭಾನುವಾರ ವಿಜಯಪುರದ ಬಾಡಿಗೆ ಕೋಣೆಯಲ್ಲಿ, ಎರಡೇ ದಿನಗಳಲ್ಲಿ ಮುಗಿಯುವ ಕತ್ತಿಕಾಳಗದ ವಿಡಿಯೋ ಗೇಮನ್ನು ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದೆ. ಕೊನೆಯ ರಾಕ್ಷಸನು ಎದುರಾದಾಗ ನಮ್ಮೂರು ಬಬಲೇಶ್ವರದಿಂದ ಅವ್ವನ ಕರೆ ಬಂತು. "ತಡಿಯವ್ವಾ" ಎಂದು, ಕರೆ ಕಡಿಯದೆ ಫೋನನ್ನು ಹಾಸಿಗೆಯ ಮೇಲಿಟ್ಟೆ. ಸೋತು ಸೋತು ಕೊನೆಗೆ ಗೆದ್ದು ನೋಡಿದರೆ ಫೋನಿನ ಚಾರ್ಜ್ ಮುಗಿದಿತ್ತು. ಚಾರ್ಜಿಗೆ ಹಚ್ಚಿ ಕರೆ ಮಾಡಿದೆ. ಅವ್ವ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಅಪ್ಪನಿಗೆ ಮತ್ತೆ ಎದೆನೋವು ಬಂದಿರಬೇಕು, ಅದನ್ನು ಹೇಳಲೆಂದೇ ಅವ್ವ ಕರೆದಿರಬೇಕು ಎನಿಸಿ ಮತ್ತೆ ಮತ್ತೆ ಕರೆ ಮಾಡಿದೆ.

ಅಷ್ಟರಲ್ಲಿ ಯಾರೋ ಬಾಗಿಲನ್ನು ದಬದಬನೆ ಬಡಿದರು. ತೆರೆದರೆ, ಬಡಿಗೆ ಹಿಡಿದ ಅಪ್ಪ, ಹಿಂದೆ ಅಳುತ್ತಿದ್ದ ಅವ್ವ.

"ಎಲ್ಲಿ ಅಡಗ್ಯಾನಲೇ ಅವಾ?" ಎನ್ನುತ್ತ ಅಪ್ಪ ಮಂಚದ ಕೆಳಗೆ ಬಗ್ಗಿ ನೋಡಿದರು.

"ಕತ್ತಿ ಸಪ್ಪಳ ಕೇಳಿದ್ನೋ ಯಪ್ಪಾ, ನೀ ಚೀರಿದಿ, ಫೋನ್ ಬಂದ್ ಆತು. ನಮ್ಮ ಫೋನ್ ಮನ್ಯಾಗ ಬಿಟ್ಟು ಜೀಪ್ ಹತ್ತಿ ಬಂದ್ವಿ," ಎಂದು ಅವ್ವ ನನ್ನ ತಲೆ, ಕೈಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

ಈಗ ಆಡುವ ಮುನ್ನ ನಾನು ಅವ್ವನಿಗೆ ಹೇಳುತ್ತೇನೆ. ಆಟ ಮುಗಿಸಿ ನಾನು ಮತ್ತೆ ಕರೆ ಮಾಡುವವರೆಗೂ ಅವಳು ಊಟ ಮಾಡುವುದಿಲ್ಲ.