ಕ್ಲಚ್ಚಿನ ಮೇಲೆ ಎಡಗಾಲು

ಡಂಬಳದ ಹತ್ತಿರ ಎಂಜಿನ್ನು ಬಂದ್ ಬೀಳಬಹುದಿತ್ತು. ನಿಂತ ಗಾಡಿಗೆ ಹಿಂದಿನಿಂದ ಬಸ್ಸು ಗುದ್ದಬಹುದಿತ್ತು. ಎರಡರಿಂದ ಮೂರಕ್ಕೆ ಬದಲಿಸುವಾಗ ಗೇರಿನ ಕೋಲು ಕೈಗೇ ಕಿತ್ತು ಬರಬಹುದಿತ್ತು. ಎಮ್ಮೆ ಅಡ್ಡ ಬಂದಾಗ ಬ್ರೇಕೆಂದು ಆಕ್ಸಲರೇಟರು ತುಳಿದು, ಮೊದಲು ಎಮ್ಮೆ, ಆಮೇಲೆ ಎಮ್ಮೆಯವನ ಕೈಯಲ್ಲಿ ನಾನು ಸಾಯಬಹುದಿತ್ತು. ಗದಗ-ಬೆಟಗೇರಿ ನಡುವಿನ ರೈಲು ಗೇಟಿನಲ್ಲಿ ಕ್ಲಚ್ಚು ತಪ್ಪಿ, ಗಾಡಿ ಹಳಿಯ ಮೇಲೇ ಕೂತುಬಿಡಬಹುದಿತ್ತು. ಇಷ್ಟನ್ನೂ ನಾನು ಹೊರಡುವ ದಿನ ಮುಂಜಾನೆ ಹಲ್ಲುಜ್ಜುವಾಗಲೇ ಯೋಚಿಸಿ ಮುಗಿಸಿದ್ದೆ. ಸ್ನಾನದ ಹೊತ್ತಿಗೆ ನಾಲ್ಕೂ ಗಾಲಿ ಕಳಚಿದ್ದವು.

ಎಂಬತ್ತರ ದಶಕದ ಮಾತು. ಮುಂಡರಗಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮನೆಯ ಹಳೇ ಅಂಬಾಸಡರ್ ಓಡಿಸುತ್ತಿದ್ದವರು ಅಪ್ಪ ಒಬ್ಬರೇ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸ್ವಲ್ಪ ದಿನದ ಹಿಂದೆ ಹಾಲಿನವನ ಸೈಕಲ್ಲನ್ನು ಸವರಿಕೊಂಡು ಹೋಗಿ, "ಯಾವುದೋ ಆಕಳ" ಎಂದಿದ್ದರು. ಬೆಟಗೇರಿಯ ಕಣ್ಣಿನ ಡಾಕ್ಟರು ಸೋಮವಾರ ಬರಹೇಳಿದ್ದರು. ಬಸ್ಸಿಗೆ ಹೋಗೋಣವೆಂದರೆ ಅಪ್ಪ ಸಿಡಿದರು.

"ಮನ್ಯಾಗ ಗಾಡಿ ಇಟ್ಕೊಂಡು ಬಸ್ಸಿಗೆ ನಿಂದ್ರಲೇನು? ನೀ ಹೊಡಿ. ಇಲ್ಲಂದ್ರ ನಾನ ಹೊಡೀತೀನಿ."

ಹೊಡೆದೇ ಬಿಡುವ ಮನುಷ್ಯ. ಆ ರಸ್ತೆಯ ಕುರಿ, ಮಕ್ಕಳು, ಲಾರಿ ನೆನೆದು ನಾನೇ ಕಲಿಯಲು ಒಪ್ಪಿದೆ. ಹೀಗೆ, ನಲವತ್ತು ದಾಟಿದ ನಾನು ಎಲ್ ಬೋರ್ಡು ಕಟ್ಟಿಕೊಂಡು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಿನಾ ಸಂಜೆ ಕೊರ್ಲಹಳ್ಳಿ ರಸ್ತೆಗೆ ಇಳಿದೆ. ಕ್ಲಚ್ಚು ಬಿಟ್ಟ ಕೂಡಲೇ ಗಾಡಿ ಕಪ್ಪೆಯಂತೆ ಜಿಗಿದು ಸಾಯುತ್ತಿತ್ತು.

"ಬಾವ್ಯಾಗ ಕೊಡ ಹಿಂಗ ಒಗೀತಾರೇನಲೇ? ಹಗ್ಗ ಬಿಟ್ಟಂಗ ಸಾವಕಾಶ ಬಿಡು."

"ಹಗ್ಗ ಕೈಯಾಗ ಇರತೈತಪ್ಪಾ, ಇದು ಕಾಲಾಗ ಐತಿ."

"ಕಾಲೂ ನಿಂದ ಹೌದಿಲ್ಲೋ?"

ಸೋಮವಾರ ಹೊರಟೆವು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನೆಟ್ಟಗೆ ಕೂತರು. ಒಂದು ಬೈಗುಳವೂ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಡಂಬಳ ದಾಟಿದ ಮೇಲೆ ರಸ್ತೆಯೇ ಕಾಣಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಹುರುಳಿಯ ಒಣ ಬಳ್ಳಿ ಹರವಿದ್ದರು. ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಕಾಳು ಬಿಡಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಸ್ಟೇರಿಂಗಿನ ಹಿಂದಿನಿಂದ ನೋಡಿರಲಿಲ್ಲ. ಗಾಲಿ ಜಾರಿದರೆ? ಸೈಲೆನ್ಸರಿನ ಕಾವಿಗೆ ಹೊಟ್ಟು ಹೊತ್ತಿಕೊಂಡರೆ? ಎರಡೂ ಕಾಲು ಒತ್ತಿ ನಿಲ್ಲಿಸಿದೆ.

ಬೇವಿನ ನೆರಳಲ್ಲಿ ಕೂತಿದ್ದ ರೈತ ಎದ್ದು ಬಂದ.

"ಯಾಕ ನಿಂತ್ರಿ ಸಾಹೇಬ್ರ? ಹಾಯಿಸ್ರಿ ಮ್ಯಾಲ! ತುಳೀಲಿ ಅಂತನ ಹಾಕೇವಿ."

ಒಂದನೇ ಗೇರಿನಲ್ಲಿ, ಉಸಿರು ಬಿಗಿಹಿಡಿದು ಹಾಯಿಸಿದೆ. ಗಾಲಿಯ ಕೆಳಗೆ ಚರಚರ ಸದ್ದು. ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೊನೆಯಿತು. ದಾಟಿದೆನೆನ್ನುವಷ್ಟರಲ್ಲಿ ಹಿಂದಿನಿಂದ ಕೂಗು.

"ಒಂದೀಟು ರಿವರ್ಸ್ ಬರ್ರಿ! ಎಡಕಿನ ಮಗ್ಗಲ ಕಾಳು ಬಿಟ್ಟಿಲ್ಲ!"

"ನಾ ಇನ್ನೂ ಕಲಿಯಾಕತ್ತೇನ್ರಿ!"

"ಕಲಿಯಾಕ ಇದಕಿಂತ ಮೆತ್ತನ ಜಾಗಾ ಎಲ್ಲಿ ಸಿಗತೈತ್ರಿ?"

ಅಪ್ಪ ಆಗ ಮೊದಲ ಸಲ ಬಾಯಿ ತೆರೆದರು. "ಹೋಗಲೇ. ಹಿಂದ ನಾ ನೋಡ್ತೀನಿ."

ಎರಡೂ ಕಣ್ಣಿಗೆ ಪೊರೆ ಬಂದ ಮನುಷ್ಯ ಹಿಂದೆ ನೋಡಿದರು, ನಾನು ಹೋದೆ. ಅವರ "ಬಾ ಬಾ"ಗಿಂತ ನನ್ನ ಕುತ್ತಿಗೆಯನ್ನೇ ನಂಬಿ, ಅದನ್ನು ಉಳುಕುವಷ್ಟು ತಿರುಗಿಸಿದ್ದೆ. ರೈತ ಕೈ ಎತ್ತಿ ಸಾಕೆಂದ. ಅಂಗಿ ಬೆನ್ನಿಗೆ ಅಂಟಿತ್ತು.

ಬೆಟಗೇರಿಯಲ್ಲಿ ರೈಲು ಗೇಟು ತೆರೆದೇ ಇತ್ತು. ದವಾಖಾನೆಯ ಮುಂದೆ ಹ್ಯಾಂಡ್‌ಬ್ರೇಕು ಎಳೆದೆ. ಅಪ್ಪ ಇಳಿಯಲಿಲ್ಲ. ಎದೆನೋವೇನೋ ಎಂದು ಗಾಬರಿಯಿಂದ ಸುತ್ತಿ ಹೋಗಿ ಬಾಗಿಲು ತೆಗೆದೆ.

"ಏನಾತಪ್ಪಾ?"

"ಏನಿಲ್ಲ," ಎನ್ನುತ್ತಾ ಅವರು ಎಡಗಾಲಿನ ಹಿಂದೆ ಬಲಗಾಲನ್ನೂ ಮೆಲ್ಲಗೆ ಹೊರಗಿಟ್ಟರು.

ಕಾಲಡಿಯ ಚಾಪೆ ಮುದ್ದೆಯಾಗಿ ಮುಂದಕ್ಕೆ ಸರಿದಿತ್ತು. ಆ ಬದಿಗೆ ಇಲ್ಲದ ಬ್ರೇಕನ್ನು ಮುಂಡರಗಿಯಿಂದ ತುಳಿಯುತ್ತಲೇ ಬಂದಿದ್ದಕ್ಕೆ, ಅಪ್ಪನ ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು.