ನೀಲಮ್ಮನ ಎಡಗೈ

ಕೊರೊನಾ ಗಲಾಟೆ ಮುಗಿದ ಮರುವರ್ಷ. ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಯ ಆಪರೇಷನ್ ಥಿಯೇಟರಿನಲ್ಲಿ ನಾನು ಆಯಾ. ಆಗಲೇ ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ನನಗೆ ಸಹಿ ಬಿಟ್ಟರೆ ಹೆಚ್ಚು ಬರೆಯಲು ಬರುವುದಿಲ್ಲ. ನಾನು ಹೇಳಿದ್ದನ್ನು ಸೊಸೆ ಬರೆದಿದ್ದಾಳೆ.

ಆಪರೇಷನ್ನಿಗೆ ಮೊದಲು ರೋಗಿಯ ತಾಳಿ, ಬಳೆ, ಕಟ್ಟಿಸಿಕೊಂಡ ಹಲ್ಲು ಎಲ್ಲ ತೆಗೆದು ಸ್ಟೀಲ್ ಟ್ರೇಗೆ ಹಾಕಿ ಮನೆಯವರಿಗೆ ಕೊಡಬೇಕು. ರಕ್ತ ನಿಲ್ಲಿಸಲು ಕಾಟರಿ ಎಂಬ ಕರೆಂಟಿನ ಯಂತ್ರ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಸುಟ್ಟೀತು. ಕೆಲವರು ಅಳುತ್ತಾರೆ. ನಾನು ಕಾಯುತ್ತಿರಲಿಲ್ಲ, ತೆಗೆಯುತ್ತಿದ್ದೆ.

ನೀಲಮ್ಮ ಇಳಕಲ್ಲಿನವಳು, ತೊಂಬತ್ತು ದಾಟಿದ್ದಳು. ಬಚ್ಚಲಲ್ಲಿ ಜಾರಿ ಬಲ ಸೊಂಟದ ಎಲುಬು ಮುರಿದಿತ್ತು. ಹರೆಯದಲ್ಲೇ ಗಂಡ ಸತ್ತನಂತೆ. ಬಳೆ ಒಡೆಯಲು ಬಂದವರನ್ನು, ಬಸವಣ್ಣ ಹಾಗೆ ಹೇಳಿಲ್ಲ ಎಂದು ಹೊರಗೆ ಕಳಿಸಿದಳಂತೆ. ಕುಣಿಮಗ್ಗದಲ್ಲಿ ಸೀರೆ ನೇಯ್ದು ಮಗನನ್ನು ಬೆಳೆಸಿದಳು. ಒಂದು ದಿನವೂ ಲಿಂಗಪೂಜೆ ಮಾಡದೆ ನೀರು ಕುಡಿದವಳಲ್ಲ. ಇದೆಲ್ಲ ಮಗ ಹೇಳಿದ್ದು.

ಟ್ರೇ ಒಯ್ದೆ. ಓಲೆ ಕೊಟ್ಟಳು, ಹಲ್ಲು ಕೊಟ್ಟಳು. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕೇಳದೆ ದಾರ ಎತ್ತಿ ಟ್ರೇಗೆ ಹಾಕಿದೆ. ಮುದುಕಿ ನನ್ನ ಮಣಿಕಟ್ಟು ಹಿಡಿದಳು.

“ತೊಟ್ಟಿಲದಾಗ ಇದ್ದಾಗ ಕಟ್ಟ್ಯಾರ. ಇವತ್ತಿನ ತನಕ ಮೈ ಬಿಟ್ಟಿಲ್ಲ. ನನ್ನ ಜೀವಾನೂ ನಿನ್ನ ತಾಟಿನಾಗ ಹಾಕ್ಕೊಂಡು ಹೋಗು.”

ಕರಡಿಗೆ ಕಸಿದುಕೊಂಡಳು. ತೆಗೆಯದಿದ್ದರೆ ಆಪರೇಷನ್ ಇಲ್ಲ ಎಂದರು ಡಾಕ್ಟರ್. ಆಪರೇಷನ್ ಇಲ್ಲದಿದ್ದರೆ ಆ ವಯಸ್ಸಿನವರು ಹಾಸಿಗೆಯಲ್ಲೇ ಬೆನ್ನು ಕೊಳೆತು ಹೋಗುತ್ತಾರೆ, ನಾನು ನೋಡಿದ್ದೇನೆ. ಮಗ ಅವಳ ಕಾಲು ಹಿಡಿದ. ಅವಳು ಜಗ್ಗಲಿಲ್ಲ. ಸ್ಟ್ರೆಚರ್ ವಾರ್ಡಿನ ಕಡೆ ತಿರುಗಿತು.

ನಾನು ಲಿಂಗ ಕಟ್ಟಿದವಳಲ್ಲ. ಆದರೆ ನಮ್ಮ ಓಣಿಯ ತುಂಬ ಲಿಂಗವಂತರು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ಪೂಜಿಸುವುದನ್ನು ದಿನವೂ ಕಂಡಿದ್ದೆ. ಸ್ಟ್ರೆಚರ್ ತಡೆದೆ.

“ಸಾಹೇಬ್ರ, ಡಬ್ಬಿ ಅಷ್ಟ ಬೆಳ್ಳಿದು, ಲಿಂಗ ಕಲ್ಲಿಂದು. ಮುರದದ್ದು ಬಲಗಡೆ. ಎಡಗೈಯಾಗ ಇಟ್ಟು ಬಟ್ಟಿ ಸುತ್ತತೇನಿ. ಕೈ ನಾ ಹಿಡಕೊಂಡು ನಿಂದರ್ತೇನಿ.”

“ನೀ ಆಯಾ ಇದ್ದಿ. ಡಾಕ್ಟರ್ ಆಗಬ್ಯಾಡ.”

“ಆಗಂಗಿಲ್ರಿ. ನೀವರ ಡಾಕ್ಟರ್ ಆಗ್ರಿ, ಆಕಿನ್ನ ಹೊರಗ ಕಳಸಬ್ಯಾಡ್ರಿ.”

ಅರಿವಳಿಕೆ ಕೊಡುವವರು ನಕ್ಕುಬಿಟ್ಟರು. ಸಲಾಯಿನ್ ಬಲಗೈಗೆ ಹಾಕುತ್ತೇನೆ, ನನಗೆ ಎಡಗೈ ಬೇಕಾಗಿಲ್ಲ ಎಂದರು. ಡಾಕ್ಟರ್ ಮುಖ ಕೆಂಪಾಯಿತು. ಬೇಗ ಕಟ್ಟು ಎಂದರು.

ನೀಲಮ್ಮನನ್ನು ಈ ಸಲ ಕೇಳಿದೆ. ಅವಳೇ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು, ಖಾಲಿ ಕರಡಿಗೆಯನ್ನು ಟ್ರೇಗೆ ಎಸೆದಳು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು, ಅವಳು ಎಚ್ಚರವಿದ್ದಳು. ನಾನು ಎರಡು ತಾಸು ನಿಂತೆ. ನಡುವೆ ಒಮ್ಮೆ, “ಕುಂದರು ತಂಗಿ, ನಾ ಎಲ್ಲೂ ಓಡಿ ಹೋಗಂಗಿಲ್ಲ” ಎಂದಳು.

ಕೋಲೂರಿಕೊಂಡು ಮನೆಗೆ ಹೋದಳು. ಇನ್ನೂ ಎರಡು ವರ್ಷ ಇಳಕಲ್ಲಿನ ತನ್ನ ಓಣಿಯಲ್ಲಿ ಓಡಾಡಿದಳು. ಲಿಂಗವಂತರ ಪದ್ಧತಿಯಂತೆ ಅವಳನ್ನು ಕೂರಿಸಿ ಮಣ್ಣು ಮಾಡಿದ ದಿನ, ಮಗ ಹೇಳಿಕಳಿಸಿದ್ದರಿಂದ ನಾನೂ ಇದ್ದೆ. ಅದೇ ಎಡಗೈಯಲ್ಲಿ ಅದೇ ಲಿಂಗ.

ಆಪರೇಷನ್ ಆದ ದಿನವೇ, ಡಾಕ್ಟರಿಗೆ ಎದುರು ಮಾತಾಡಿದೆನೆಂದು ದವಾಖಾನೆಯ ಆಡಳಿತದವರು ಕ್ಷಮಾಪಣೆ ಪತ್ರ ಕೇಳಿದ್ದರು. ಸಹಿ ಹಾಕಲಿಲ್ಲ. ಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿದರು, ನಿವೃತ್ತಿಯವರೆಗೆ ಒಗೆದೆ. ಯಾರ ಮೈಮೇಲಿನದನ್ನೂ ಕೇಳದೆ ತೆಗೆಯಬಾರದು, ಕೆಲಸ ನನಗೆ ಕಲಿಸಿದ್ದು ಇದೊಂದೇ. ಇಪ್ಪತ್ತಾರು ವರ್ಷ ಕೇಳದೆ ತೆಗೆದೆ, ಆಗ ಯಾರೂ ಕ್ಷಮಾಪಣೆ ಪತ್ರ ಬರೆಸಲಿಲ್ಲ. ಒಬ್ಬಳನ್ನು ಕೇಳಿದೆ, ಅಂದೇ ಬರೆಸಲು ಬಂದರು.